ದನ ಉಳಿಸಲು ದುಡ್ಡು: ಪಟ್ಟಿ ಎತ್ತಬೇಕೇ, ಮೇವು ಕೇಳಬೇಕೇ, ಫೋನಿನಲ್ಲಿ ಕೂಡಿಸಬೇಕೇ?

"ಆರು ದನ ಅದಾವ್ರೀ, ಇಳಿಸ್ಕೋತೀರೇನು?" ಎಂದು, ಪೊಲೀಸರು ಹಿಡಿದ ದನಕ್ಕಾಗಿ ಠಾಣೆಯಿಂದ ಗೋಶಾಲೆಗೆ ಫೋನು ಬರುವುದು ಹೆಚ್ಚಾಗಿ ರಾತ್ರಿ ಹೊತ್ತು. ಹೂಂ ಅನ್ನಲು ಒಂದು ಕ್ಷಣ ಸಾಕು. ಬೆಳಗಾದರೆ ಗಾಡಿ ಬಾಡಿಗೆ, ಡಾಕ್ಟರು, ಔಷಧ, ಮೇವು, ಎಲ್ಲಕ್ಕೂ ದುಡ್ಡು ಬೇಕು. ಗೋಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಓಣಿಯಲ್ಲಿ ಪಟ್ಟಿ (ಚಂದಾ) ಎತ್ತೋಣ ಅನ್ನುತ್ತಾರೆ, ಇನ್ನೊಬ್ಬರು ಫೋನ್‌ಪೇ ಸ್ಕ್ಯಾನರ್ ಹಾಕಿ ಅನ್ನುತ್ತಾರೆ, ಮತ್ತೊಬ್ಬರು ಕಂಪನಿಯವರನ್ನು ಕೇಳೋಣ ಅನ್ನುತ್ತಾರೆ. ಎಲ್ಲ ದಾರಿಯೂ ಸರಿಯೇ. ಆದರೆ ಒಂದೊಂದು ಒಂದೊಂದು ಖರ್ಚಿಗೆ ಹೊಂದುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸಣ್ಣ ಗೋಶಾಲೆ ನಡೆಸುವವರು, ಅವರ ಬೆನ್ನಿಗಿರುವ ಯುವಕ ಸಂಘ, ಮಹಿಳಾ ಸಂಘ, ಮಠದ ಸಮಿತಿಯವರು ಯಾವುದನ್ನು ಯಾವಾಗ ಹಿಡಿಯಬೇಕು ಎಂಬುದು ಇಲ್ಲಿನ ವಿಷಯ.

ಮೊದಲು ಲೆಕ್ಕ

ತರುವ ಖರ್ಚು ಬೇರೆ, ಸಾಕುವ ಖರ್ಚು ಬೇರೆ. ಇವೆರಡನ್ನು ಕಲಸಿಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ.

300-350 ಕೆಜಿ ತೂಕದ, ಹಾಲು ಬತ್ತಿದ ಆಕಳು ಅಥವಾ ದುಡಿಮೆ ಬಿಟ್ಟ ಎತ್ತಿಗೆ ದಿನಕ್ಕೆ ಸುಮಾರು 6 ಕೆಜಿ ಜೋಳದ ಕಣಕಿ (ಒಣ ದಂಟು), 8 ಕೆಜಿ ಹಸಿ ಮೇವು, 1 ಕೆಜಿ ಹಿಂಡಿ-ಬೂಸಾ, 30-50 ಗ್ರಾಂ ಖನಿಜ ಮಿಶ್ರಣ, ಚಿಟಿಕೆ ಉಪ್ಪು, 40-60 ಲೀಟರ್ ನೀರು ಬೇಕು. ಕಣಕಿ ಕೆಜಿಗೆ 8 ರೂಪಾಯಿ, ಹಸಿ ಮೇವು 3, ಹಿಂಡಿ 40 ಎಂದು ಹಿಡಿದು ನೋಡಿ: 48, 24, 40, ಖನಿಜ ಮತ್ತು ಉಪ್ಪಿಗೆ 5, ಒಟ್ಟು 117. ಇಪ್ಪತ್ತು ದನಕ್ಕೆ ಒಬ್ಬ ಆಳು, ತಿಂಗಳಿಗೆ 15,000 ಪಗಾರ ಅಂದರೆ ದನಕ್ಕೆ ದಿನಕ್ಕೆ 25. ಔಷಧ, ಜಂತಿನ ಮದ್ದು, ಕರೆಂಟು ಸೇರಿಸಿದರೆ 150ರ ಹತ್ತಿರ. ದರ ನಿಮ್ಮೂರಿನದು ಹಾಕಿಕೊಳ್ಳಿ, ಲೆಕ್ಕದ ರೀತಿ ಇದೇ. 150 ಅಂದರೆ ತಿಂಗಳಿಗೆ 4,500, ವರ್ಷಕ್ಕೆ 54,750. ಆಕಳು 18-20 ವರ್ಷ ಬದುಕುವ ಪ್ರಾಣಿ. ಎಂಟು ವರ್ಷದ್ದು ಬಂದರೆ ಇನ್ನೂ ಹತ್ತು ವರ್ಷ ನಿಮ್ಮ ಗ್ವಾದಲಿಯಲ್ಲೇ (ಮೇವಿನ ತೊಟ್ಟಿಯಲ್ಲೇ). ಆ ರಾತ್ರಿ ಇಳಿಸಿಕೊಂಡ ಆರು ದನಕ್ಕೆ ಹತ್ತು ವರ್ಷದ ಬಾಬತ್ತು 32,85,000 ರೂಪಾಯಿ. ಗಾಡಿ ಬಾಡಿಗೆ, ಮೊದಲ ದಿನದ ಚಿಕಿತ್ಸೆ ಇದರ ಮುಂದೆ ಚಿಲ್ಲರೆ.

ಜನ ಕೈಬಿಚ್ಚಿ ಕೊಡುವುದು ಆ ಚಿಲ್ಲರೆ ಖರ್ಚಿಗೆ! ರಕ್ತ ಸೋರುವ ಕಾಲಿನ ಫೋಟೋ ನೋಡಿ ಸಾವಿರ ಕೊಟ್ಟವರು ಮೂರನೇ ವರ್ಷದ ಕಣಕಿಗೆ ನೆನಪಾಗುವುದಿಲ್ಲ. ಹಾಗಾಗಿ ಪ್ರತಿ ದಾರಿಯನ್ನೂ ಐದು ಪ್ರಶ್ನೆಯಿಂದ ಅಳೆಯಬೇಕು. ದುಡ್ಡು ಎಷ್ಟು ದಿನದಲ್ಲಿ ಕೈಗೆ ಬರುತ್ತದೆ? ಮುಂದಿನ ತಿಂಗಳೂ ಬರುತ್ತದೆಯೇ? ನೂರು ರೂಪಾಯಿ ಕೂಡಿಸಲು ಎಷ್ಟು ರೂಪಾಯಿ, ಎಷ್ಟು ಜನ, ಎಷ್ಟು ಸಂಜೆ ಹೋಗುತ್ತವೆ? ಯಾವ ಕಾಗದಪತ್ರ ಬೇಕು? ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ಎಷ್ಟು ಸುಲಭ? ಐದಕ್ಕೂ ಒಳ್ಳೆಯ ಉತ್ತರ ಕೊಡುವ ದಾರಿ ಇಲ್ಲ.

ಸಂತೆಯಲ್ಲಿ ಕೊಂಡು ಬಿಡಿಸಲು ಹಣ ಎತ್ತಬೇಕೇ?

ಈ ಪ್ರಶ್ನೆ ಬಹಳ ಮಂದಿ ಕೇಳುತ್ತಾರೆ, ಅದನ್ನು ಮೊದಲೇ ಮುಗಿಸಿಬಿಡೋಣ. ಬೇಡ. ಗೋಶಾಲೆಯವರು ಕೊಳ್ಳಲು ಬಂದಿದ್ದಾರೆ ಎಂದು ದಲ್ಲಾಳಿಗೆ ಗೊತ್ತಾದ ಕೂಡಲೇ ಮುದಿ ಎತ್ತಿನ ದರ ಏರುತ್ತದೆ, ನೀವು ಕೊಟ್ಟ ದುಡ್ಡಿನಲ್ಲೇ ಮುಂದಿನ ವಾರ ಇನ್ನೆರಡು ದನ ಅದೇ ಜಾಗಕ್ಕೆ ಬರುತ್ತವೆ. ಬಿಡಿಸಿದ್ದು ಒಂದು, ಮಾರುಕಟ್ಟೆಗೆ ದೂಡಿದ್ದು ಎರಡು.

ಅದರ ಬದಲು ರೈತ ದನ ಮಾರಲು ಹೊರಡುವ ಹೊತ್ತನ್ನು ನೋಡಿ. ಹೆಚ್ಚಿನವರು ಮಾರುವುದು ಬೇಸಿಗೆಯಲ್ಲಿ, ಬಣವಿ ಕರಗಿದ ಮೇಲೆ. 90 ದಿನಕ್ಕೆ ದಿನಾ 6 ಕೆಜಿಯಂತೆ 540 ಕೆಜಿ ಕಣಕಿ ಕೊಟ್ಟರೆ ಆ ಎತ್ತು ಮಳೆಗಾಲದವರೆಗೆ ಅದೇ ಹಟ್ಟಿಯಲ್ಲಿ ನಿಲ್ಲುತ್ತದೆ. ಮೇಲಿನ ದರದಲ್ಲಿ ಇದು 4,320 ರೂಪಾಯಿ, ಗೋಶಾಲೆಯ ಒಂದು ತಿಂಗಳ ಖರ್ಚಿಗಿಂತ ಕಡಿಮೆ. ಎತ್ತಿದ ಹಣದಲ್ಲಿ ಒಂದು ಪಾಲನ್ನು ಇದಕ್ಕೇ ತೆಗೆದಿಡುವುದು ಜಾಣತನ. ಪೋಸ್ಟರಿಗೆ ಇದರಲ್ಲಿ ಫೋಟೋ ಸಿಗುವುದಿಲ್ಲ, ಅಷ್ಟೇ ಕೊರತೆ.

ರಸ್ತೆಯಲ್ಲಿ ದನ ಸಾಗಿಸುವ ಗಾಡಿ ಅಡ್ಡಗಟ್ಟುವ ಕೆಲಸಕ್ಕಂತೂ ಒಂದು ಪೈಸೆಯೂ ಹೋಗಬಾರದು. ಅನುಮಾನ ಬಂದರೆ 112ಕ್ಕೆ ಫೋನು ಮಾಡಿ, ಮುಂದಿನದು ಪೊಲೀಸರ ಕೆಲಸ. ಬಿಡಿಸಿ ತರುವಾಗ ನಿಮಗೂ ಕಾನೂನು ಅನ್ವಯಿಸುತ್ತದೆ: ಒಂದು ಸರಕು ಗಾಡಿಯಲ್ಲಿ ಆರಕ್ಕಿಂತ ಹೆಚ್ಚು ದನ ಒಯ್ಯುವಂತಿಲ್ಲ ಎಂಬುದು 1978ರ ಸಾಗಣೆ ನಿಯಮ. ಬಾಡಿಗೆ ಉಳಿಸಲು ಒಂಬತ್ತು ದನ ತುಂಬಿದರೆ ನೀವೇ ಆರೋಪಿ.

ಓಣಿ ಪಟ್ಟಿ

ಗಣಪತಿ, ಜಾತ್ರೆ, ಗುಡಿ ಜೀರ್ಣೋದ್ಧಾರ, ಎಲ್ಲಕ್ಕೂ ನಮ್ಮ ಕಡೆ ಗೊತ್ತಿರುವ ದಾರಿ ಇದೇ. ವೇಗದಲ್ಲಿ ಇದನ್ನು ಮೀರಿಸಿದ್ದು ಇಲ್ಲ: ಸಂಜೆ ಹೊರಟರೆ ರಾತ್ರಿಗೆ ದುಡ್ಡು ಕೈಯಲ್ಲಿ. ಕೂಡಿಸುವ ಖರ್ಚು ಪಾವತಿ (ರಸೀದಿ) ಪುಸ್ತಕದ ಅಚ್ಚಿನದಷ್ಟೆ. ಆದರೆ ಜನರ ದುಡಿಮೆ ಬಹಳ ಬೇಡುತ್ತದೆ. ಇಬ್ಬಿಬ್ಬರ ನಾಲ್ಕು ತಂಡ, ಸಂಜೆ ಆರರಿಂದ ಒಂಬತ್ತು, ಒಂದು ಮನೆಗೆ ಐದಾರು ನಿಮಿಷ ಅಂದರೆ ಒಂದು ಸಂಜೆಗೆ 120 ಮನೆ. ಅದೇ ಓಣಿಗೆ ವರ್ಷಕ್ಕೆ ಎರಡನೇ ಸಲ ಹೋದರೆ ಬಾಗಿಲು ಅರ್ಧವೇ ತೆರೆಯುತ್ತದೆ.

ಪಾವತಿ ಪುಸ್ತಕದಲ್ಲಿ ಆಗುವಷ್ಟು ಎಡವಟ್ಟು ಬೇರೆಲ್ಲೂ ಆಗುವುದಿಲ್ಲ. ಪುಸ್ತಕಕ್ಕೆ 50 ಹಾಳೆ ಇರಲಿ, 100 ಬೇಡ: ಕಳೆದರೆ ಕಳೆಯುವುದು 50. ಪ್ರತಿ ಹಾಳೆಗೂ ಅಚ್ಚಾದ ಕ್ರಮಸಂಖ್ಯೆ ಇರಬೇಕು, ಕೈಯಿಂದ ಬರೆದ ಸಂಖ್ಯೆ ಲೆಕ್ಕಕ್ಕಿಲ್ಲ. ಕೊಡುವಾಗ ಯಾರಿಗೆ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಎಂದು ರಿಜಿಸ್ಟರಿನಲ್ಲಿ ಸಹಿ. ಕಾರ್ಬನ್ ತಿರುವಿ ಇಟ್ಟು ಇಡೀ ಸಂಜೆ ಬರೆದು, ಮನೆಗೆ ಬಂದು ನೋಡಿದರೆ ನಕಲು ಹಾಳೆ ಖಾಲಿ, ಮೂಲ ಹಾಳೆಯ ಬೆನ್ನಿಗೆ ಕನ್ನಡಿ ಅಕ್ಷರ ಮೂಡಿ ದಾನಿಯ ಮನೆ ಸೇರಿರುತ್ತದೆ. ಮೊದಲ ಪಾವತಿ ಹರಿದ ಕೂಡಲೇ ನಕಲು ಮೂಡಿದೆಯೇ ನೋಡುವ ರೂಢಿ ಮಾಡಿಸಿ. ತಪ್ಪಾದ ಪಾವತಿಯನ್ನು ಹರಿದು ಎಸೆಯಬಾರದು, ಎರಡೂ ಪ್ರತಿಗೆ ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಬಿಡಬೇಕು. ಮರುದಿನ ಬೆಳಿಗ್ಗೆ ಇದ್ದಷ್ಟೂ ನಗದು ಬ್ಯಾಂಕಿಗೆ. ಕಟ್ಟುವ ಮೊದಲೇ ಅದರಲ್ಲಿ ಡೀಸೆಲ್ಲಿಗೆ ಐನೂರು ತೆಗೆದರೆ ಆ ಐನೂರು ಯಾವ ಪುಸ್ತಕದಲ್ಲೂ ಕೂಡುವುದಿಲ್ಲ.

ಕಾಲವನ್ನೂ ನೋಡಬೇಕು. ಭಾದ್ರಪದದ ಹಿಂದಿನ ಒಂದೂವರೆ ತಿಂಗಳು ಗಣಪತಿ ಪಟ್ಟಿಯದು, ಹುಬ್ಬಳ್ಳಿಯಲ್ಲಿ ಹೋಳಿ ಮುಂದೆ ಕಾಮಣ್ಣನ ಪಟ್ಟಿಯದು. ಆ ಹೊತ್ತಿನಲ್ಲಿ ದನದ ಹೆಸರಿನಲ್ಲಿ ಹೋದರೆ "ಇನ್ನೂ ಎಷ್ಟ ಪಟ್ಟಿರೀ" ಎಂಬ ಮಾತೇ ಸಿಗುವುದು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಬಸವ ಜಯಂತಿಗಳು ದನವನ್ನು ನೆನೆಯುವ ದಿನಗಳೇ, ಅವುಗಳ ಹಿಂದಿನ ವಾರ ಹಿಡಿಯಿರಿ. ಹಾವೇರಿ ಕಡೆ ದೀಪಾವಳಿಯ ಹೋರಿ ಹಬ್ಬದ ಅಭಿಮಾನಿ ಬಳಗಗಳು ಊರೂರಿಗೆ ಇವೆ. ಹೋರಿ ಮೇಲಿನ ಅವರ ಅಭಿಮಾನ ಮುದಿ ಎತ್ತಿನ ಮೇವಿನ ಕಡೆಗೂ ತಿರುಗಬಹುದು, ಕೇಳಬೇಕು ಅಷ್ಟೆ.

ಒಂದು ಎಚ್ಚರಿಕೆ. ಒಂದು ಸಮುದಾಯವನ್ನು ಬೈದು ಬರೆದ ಕರಪತ್ರ ಹಿಡಿದು ಪಟ್ಟಿಗೆ ಹೋಗಬೇಡಿ. ಕಣಕಿ ಮಾರುವವರು, ಗಾಡಿ ಓಡಿಸುವವರು, ದನದ ಕಾಲು ಕಟ್ಟಿ ಮದ್ದು ಹಾಕುವವರು ಎಲ್ಲ ಸಮುದಾಯದವರು. ನಾಳೆ ಬೆಳಿಗ್ಗೆ ನಿಮಗೆ ಅವರೇ ಬೇಕು.

ಪೇಟೆಯ ವ್ಯಾಪಾರಸ್ಥರು

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ, ಗದಗ ಮಾರುಕಟ್ಟೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ: ಇಲ್ಲಿನ ಅಂಗಡಿಗಳಿಗೆ ಧರ್ಮಾದಾಯ ಎಂದು ಒಂದಿಷ್ಟು ತೆಗೆದಿಡುವುದು ಹೊಸದಲ್ಲ. ಒಂದು ಬೆಳಿಗ್ಗೆ ಹತ್ತು ಅಂಗಡಿ ಸುತ್ತಿದರೆ ಓಣಿಯ ನೂರು ಮನೆಯಷ್ಟು ಆಗುವುದುಂಟು. ಆದರೆ ಕೊಡುವುದು ವ್ಯಾಪಾರಸ್ಥರ ಕೈಯಿಂದ ಇರಬೇಕು. ರೈತನ ಪಟ್ಟಿಯಲ್ಲಿ, ಅಂದರೆ ಅಡತಿ ಬಿಲ್ಲಿನಲ್ಲಿ, ಚೀಲಕ್ಕೆ ಇಷ್ಟು ಎಂದು ಗೋಶಾಲೆ ಹೆಸರಲ್ಲಿ ಮುರಿದುಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ದನ ಸಾಕುವವನ ಜೇಬಿನಿಂದಲೇ ದನ ಉಳಿಸುವ ದುಡ್ಡು ಕಿತ್ತಂತೆಯೂ ಆಗುತ್ತದೆ.

ವ್ಯಾಪಾರಸ್ಥರು ಕೇಳುವ ಮೊದಲ ಪ್ರಶ್ನೆ 80ಜಿ (ದಾನಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ) ಇದೆಯೇ ಎಂದು. ಗೋಶಾಲೆ ಟ್ರಸ್ಟ್ ಅಥವಾ ಸಂಘವಾಗಿ ನೋಂದಣಿಯಾಗಿ, ಪ್ಯಾನ್ ಪಡೆದು, ಆದಾಯ ತೆರಿಗೆ ಇಲಾಖೆಯಿಂದ ಆ ಮಾನ್ಯತೆ ಪಡೆದಿದ್ದರೆ ಮಾತ್ರ ದಾನಿಗೆ ರಿಯಾಯಿತಿ. ಆಗಲೂ ನಾಲ್ಕು ಸಂಗತಿ ನೆನಪಿರಲಿ. 2,000 ರೂಪಾಯಿ ಮೀರಿದ ನಗದಿಗೆ ರಿಯಾಯಿತಿ ಇಲ್ಲ, ಚೆಕ್ ಅಥವಾ ಖಾತೆಯಿಂದ ಬರಬೇಕು. ಮೇವು, ಹಿಂಡಿ ಕೊಟ್ಟರೆ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡ ವ್ಯಕ್ತಿಗೆ ಇಲ್ಲ. ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ವಿವರವನ್ನು ಗೋಶಾಲೆ ಇಲಾಖೆಗೆ ಆನ್‌ಲೈನಿನಲ್ಲಿ ಸಲ್ಲಿಸದಿದ್ದರೆ ದಾನಿಗೆ ಪ್ರಮಾಣಪತ್ರವೇ ಹುಟ್ಟುವುದಿಲ್ಲ. ಪಾವತಿ ಬರೆಯುವಾಗಲೇ ಪ್ಯಾನ್ ಸಂಖ್ಯೆ ಕೇಳಿ ಬರೆದುಕೊಳ್ಳಿ, ಮೇ ತಿಂಗಳಲ್ಲಿ ಇನ್ನೂರು ಜನರಿಗೆ ಫೋನು ಮಾಡುವ ಪಾಡು ಬೇಡ.

ಹುಂಡಿ ಮತ್ತು ಜಾತ್ರೆ

ಕಿರಾಣಿ ಅಂಗಡಿ, ಖಾನಾವಳಿ, ಔಷಧ ಅಂಗಡಿಗಳಲ್ಲಿ ಇಡುವ ಪೆಟ್ಟಿಗೆಯಿಂದ ಸಣ್ಣ ಮೊತ್ತ ನಿಧಾನವಾಗಿ, ಆದರೆ ತಪ್ಪದೆ ಬರುತ್ತದೆ. ಕೆಡುವುದು ಪೆಟ್ಟಿಗೆ ಇಟ್ಟು ಮರೆತಾಗ. ಎರಡು ಬೀಗ, ಎರಡು ಕೀಲಿ ಇಬ್ಬರ ಹತ್ತಿರ, ತಿಂಗಳಿಗೊಮ್ಮೆ ಅಂಗಡಿಯವರ ಎದುರೇ ತೆಗೆದು ಎಣಿಸಿ ಅಲ್ಲೇ ಪಾವತಿ. ಮೂರು ತಿಂಗಳು ತೆಗೆಯದ ಪೆಟ್ಟಿಗೆ ಅಂಗಡಿಯವರಿಗೇ ಅನುಮಾನ ಹುಟ್ಟಿಸುತ್ತದೆ. ಚಿಲ್ಲರೆಯನ್ನು ಬ್ಯಾಂಕಿಗೆ ಹೊರುವ ಬದಲು ಆ ಅಂಗಡಿಗೇ ಕೊಟ್ಟು ನೋಟು ಪಡೆಯುವುದು ಸುಲಭ. ಅವರಿಗೂ ಚಿಲ್ಲರೆ ಬೇಕು.

ಜಾತ್ರೆಯ ದಾರಿ ಬೇರೆ. ಶಿವರಾತ್ರಿಯಲ್ಲಿ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಜಾತ್ರೆ, ಗದಗಿನ ತೋಂಟದಾರ್ಯ ಮಠದ ಜಾತ್ರೆ ಇಂಥಲ್ಲಿ ಎರಡು ಮೂರು ದಿನದಲ್ಲಿ ಸಾವಿರಾರು ಜನ ಮುಂದೆ ಹಾಯುತ್ತಾರೆ. ಸಮಿತಿಯ ಅನುಮತಿ ಮೊದಲು, ಟೇಬಲ್ಲು ಆಮೇಲೆ. ಜಾತ್ರೆಯಲ್ಲಿ ಕ್ಯೂಆರ್ ಒಂದನ್ನೇ ನಂಬಿದವರು ಕೈಸುಟ್ಟುಕೊಳ್ಳುತ್ತಾರೆ: ತೇರಿನ ಹೊತ್ತಿಗೆ ನೆಟ್‌ವರ್ಕ್ ಕೂತುಬಿಡುತ್ತದೆ, ಸೌಂಡ್ ಬಾಕ್ಸ್ ಕೂಗಿದ್ದು ಡೊಳ್ಳಿನಲ್ಲಿ ಕೇಳುವುದಿಲ್ಲ. ಪೆಟ್ಟಿಗೆಯೂ ಪಾವತಿ ಪುಸ್ತಕವೂ ಜೊತೆಗಿರಲಿ. ನಿಮ್ಮ ಕ್ಯೂಆರ್ ಮೇಲೆ ಯಾರೋ ತಮ್ಮದನ್ನು ಅಂಟಿಸಿಹೋಗುವುದೂ ಉಂಟು. ದಿನಾ ಬೆಳಿಗ್ಗೆ ಒಂದು ರೂಪಾಯಿ ಹಾಕಿ ಯಾರ ಹೆಸರು ಬರುತ್ತದೆ ನೋಡಿ. ಬಿಡಿಸಿ ತಂದ ದನವನ್ನು ಮಾತ್ರ ಪ್ರದರ್ಶನಕ್ಕೆ ತರಬೇಡಿ. ಹೊಸದಾಗಿ ಬಂದ ದನ 21 ದಿನ ಬೇರೆ ಇರಬೇಕು; ಕಾಲುಬಾಯಿ ಬೇನೆ, ಚರ್ಮಗಂಟು ರೋಗ ಹಬ್ಬುವುದು ಹೀಗೆ ಕೂಡಿಸಿದಾಗಲೇ.

ಜಾತ್ರೆಯಲ್ಲಿ ಲಕ್ಕಿ ಡ್ರಾ ಚೀಟಿ ಮಾರೋಣ ಎಂಬ ಸಲಹೆ ಪ್ರತಿ ವರ್ಷ ಬರುತ್ತದೆ. ಕರ್ನಾಟಕದಲ್ಲಿ ಲಾಟರಿ 2007ರಿಂದ ನಿಷಿದ್ಧ. ತೆಂಗಿನಕಾಯಿ, ಸೀರೆಗಳ ಬಹಿರಂಗ ಸವಾಲು (ಹರಾಜು) ಸಾಕು.

ಮೇವೇ ಕೇಳುವುದು

ಈ ಮೂರು ಜಿಲ್ಲೆಗಳಿಗೆ ನಾವು ಮೊದಲ ಸ್ಥಾನ ಕೊಡುವ ದಾರಿ ಇದು. ಖರ್ಚಿನ ದೊಡ್ಡ ಪಾಲು ಮೇವು; ಅದು ಇಲ್ಲಿನ ಹೊಲದಲ್ಲೇ ಬೆಳೆಯುತ್ತದೆ; ದುಡ್ಡು ಕೊಡಲು ಹಿಂದೆಮುಂದೆ ನೋಡುವ ರೈತ ಹತ್ತು ಸಿವುಡು (ಕಟ್ಟು) ಕಣಕಿ ಕೊಡಲು ಯೋಚಿಸುವುದಿಲ್ಲ.

ನವಲಗುಂದ, ನರಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಕೊಯ್ಲಾಗುವುದು ಫೆಬ್ರುವರಿ-ಮಾರ್ಚಿನಲ್ಲಿ. ಆಗ ಕಣಕಿ ಅಗ್ಗ, ಒಣಗಿ ಗರಿಗರಿ. ಮೇ ಹೊತ್ತಿಗೆ ದರ ಏರುತ್ತದೆ, ಜೂನಿನಲ್ಲಿ ತೋಯುತ್ತದೆ. ಒಂದು ದನಕ್ಕೆ ವರ್ಷಕ್ಕೆ 2,190 ಕೆಜಿ, ಹತ್ತು ದನಕ್ಕೆ ಸುಮಾರು 22 ಟನ್ ಬೇಕು. ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾತಾಡಬೇಡಿ, ಒಬ್ಬನ ಟ್ರ್ಯಾಕ್ಟರ್ ಇನ್ನೊಬ್ಬನ ಅರ್ಧ ಇರುತ್ತದೆ. ಒಂದು ಹೇರನ್ನು ವೇ ಬ್ರಿಡ್ಜಿಗೆ ಹಾಕಿಸಿ, ಇಲ್ಲವೇ ಹತ್ತು ಸಿವುಡು ತೂಗಿ ಸರಾಸರಿ ತೆಗೆಯಿರಿ. ದಾನಿಗೆ ಕೊಡುವ ಪಾವತಿಯಲ್ಲೂ ಕೆಜಿಯನ್ನೇ ಬರೆಯಿರಿ.

ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಹೆಚ್ಚು. ತೆನೆ ಮುರಿದ ಮೇಲೆ ದಂಟು ಹೊಲದಲ್ಲೇ ನಿಂತಿರುತ್ತದೆ. ಎಷ್ಟೋ ರೈತರು ಅದನ್ನು ಸುಡುತ್ತಾರೆ ಅಥವಾ ರೋಟರ್ ಹೊಡೆಸುತ್ತಾರೆ. ಕೊಯ್ದು ಒಯ್ಯುವುದಾದರೆ ಪುಕ್ಕಟೆ. ಆದರೆ ಕೂಲಿ, ಸಾಗಣೆ ನಿಮ್ಮದು. ದಪ್ಪ ದಂಟನ್ನು ದನ ಬಿಟ್ಟುಬಿಡುತ್ತದೆ. ಮೇವು ಕತ್ತರಿಸುವ ಯಂತ್ರದಲ್ಲಿ ಒಂದಿಂಚಿಗೆ ಕತ್ತರಿಸಿದರೆ ಮಾತ್ರ ಲಾಭ, ಇಲ್ಲವಾದರೆ ಗ್ವಾದಲಿಯಲ್ಲಿ ಉಳಿದದ್ದೇ ಹೆಚ್ಚು. ಹಾನಗಲ್ಲ ಕಡೆಯ ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಕಸುವು ಜೋಳದ ಕಣಕಿಗಿಂತ ಕಡಿಮೆ. ಅದನ್ನು ಕೊಟ್ಟಾಗ ಖನಿಜ ಮಿಶ್ರಣ ತಪ್ಪಿಸಬೇಡಿ. ಗದಗ ಕಡೆಯ ಶೇಂಗಾ ಹೊಟ್ಟು, ಕಡಲೆ ಹೊಟ್ಟು ದನ ಇಷ್ಟಪಟ್ಟು ತಿನ್ನುತ್ತದೆ, ಆದರೆ ಮಳೆ ತಾಗದ ಕೋಣೆ ಬೇಕು.

ಏನು ಕೆಡುತ್ತದೆ? ಮೊದಲು ಬೂಷ್ಟು. ಅರೆ ಒಣಗಿದ ಮೇವನ್ನು ಒಟ್ಟಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಇಳಿಸಿಕೊಳ್ಳುವ ಮೊದಲು ಹೇರಿನ ನಡುವೆ ಮೊಣಕೈವರೆಗೆ ಕೈ ತೂರಿಸಿ ನೋಡಿ: ಬೆಚ್ಚಗಿದ್ದರೆ, ಹುಳಿ ವಾಸನೆ ಬಂದರೆ ಬಿಡಿಸಿ ಹರಡಿ ಒಣಗಿಸಬೇಕು. ಕಪ್ಪಗೆ, ಬಿಳಿ ಪುಡಿ ಹಾರುವಂತಿದ್ದರೆ ದಾನವಾದರೂ ಬೇಡ ಅನ್ನಿ. ಬಣವಿಗೆ ಕೆಳಗೆ ಕಲ್ಲು ಹಾಸಿ ಒಂದಡಿ ಎತ್ತರ ಮಾಡಿ, ಕರೆಂಟಿನ ತಂತಿಯಿಂದ ದೂರ ಒಟ್ಟಿ. ವರ್ಷದ ಮೇವು ಒಂದೇ ಬಣವಿಯಲ್ಲಿ ಇಟ್ಟರೆ ಒಂದು ಕಿಡಿ ಸಾಕು. ಮೂರು ಮಾಡಿ, ನಡುವೆ ಅಂತರ ಬಿಡಿ.

ಎರಡನೆಯದು ಎಳೆ ಜೋಳ. ಮಳೆ ಕೈಕೊಟ್ಟು ಬಾಡಿದ ಎಳೆ ಬೆಳೆ, ಕೊಯ್ದ ಮೇಲೆ ಕೂಳೆಯಿಂದ ಚಿಗುರಿದ ಹಸಿರು, ಇವುಗಳಲ್ಲಿ ಸಯನೈಡ್ ವಿಷ ಇರುತ್ತದೆ. ಹಸಿದ ದನ ಹೊಟ್ಟೆ ತುಂಬ ತಿಂದರೆ ನಿಂತಲ್ಲೇ ನಡುಗಿ ಬಿದ್ದು ಗಂಟೆಯೊಳಗೆ ಸಾಯಬಹುದು. ಹೂವಾಡಿದ ಮೇಲಿನ ಜೋಳ, ಚೆನ್ನಾಗಿ ಒಣಗಿದ ಕಣಕಿಯಲ್ಲಿ ಆ ಅಪಾಯ ಬಹಳ ಕಡಿಮೆ.

ಮೂರನೆಯದು ಅಡುಗೆ. ಅಮಾವಾಸ್ಯೆ ದಿನ ಬುಟ್ಟಿ ತುಂಬ ಹೋಳಿಗೆ, ಮದುವೆ ಮನೆಯಿಂದ ಬೋಗುಣಿಗಟ್ಟಲೆ ಅನ್ನ ತರುವ ಭಕ್ತರಿಗೆ ಇಲ್ಲ ಅನ್ನುವುದು ಕಷ್ಟ. ಆದರೆ ದನದ ಹೊಟ್ಟೆ ನಾರು ಕರಗಿಸಲು ಇರುವಂಥದು. ಅನ್ನ, ಹಿಟ್ಟು, ಬೆಲ್ಲ ಒಮ್ಮೆಗೇ ಹೋದರೆ ಅಲ್ಲಿ ಹುಳಿ ಏರುತ್ತದೆ: ಮೆಲುಕು ನಿಲ್ಲುತ್ತದೆ, ಎಡಗಡೆ ಹೊಟ್ಟೆ ಉಬ್ಬುತ್ತದೆ, ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತದೆ, ಒಂದೆರಡು ದಿನದಲ್ಲಿ ದನ ಮಲಗಿದ್ದು ಏಳುವುದಿಲ್ಲ. ಲಕ್ಷಣ ಕಂಡ ಕೂಡಲೇ 1962ಕ್ಕೆ ಫೋನು ಮಾಡಿ ಪಶು ವೈದ್ಯರನ್ನು ಕರೆಸಿ. ಗೇಟಿನಲ್ಲಿ ಬೇಯಿಸಿದ್ದು ಬೇಡ ಎಂಬ ಫಲಕದ ಕೆಳಗೆ ಕಣಕಿ ಸಿವುಡುಗಳನ್ನು ದರ ಬರೆದು ಮಾರಾಟಕ್ಕಿಡಿ. ತಂದವರಿಗೆ ತಮ್ಮ ಕೈಯಿಂದ ತಿನ್ನಿಸಿದ ತೃಪ್ತಿ, ನಿಮಗೆ ಕಣಕಿಯೂ ದುಡ್ಡೂ.

ಮೇವಿಗೆ ಬದಲು ಕೊಡಲು ಗೋಶಾಲೆಯಲ್ಲೂ ಒಂದು ವಸ್ತು ಇದೆ. ದನಕ್ಕೆ ದಿನಕ್ಕೆ 8-10 ಕೆಜಿ ಸಗಣಿ ಅಂದರೆ ಹತ್ತು ದನಕ್ಕೆ ವರ್ಷಕ್ಕೆ 29-36 ಟನ್ ಹಸಿ ಸಗಣಿ. ಕೊಳೆತ ಮೇಲೆ ತೂಕ ಅರ್ಧಕ್ಕೂ ಇಳಿಯಬಹುದು, ಆದರೂ ಬೇಸಿಗೆಯಲ್ಲಿ ತಿಪ್ಪೆಗೊಬ್ಬರ ಹುಡುಕುವ ರೈತನಿಗೆ ಅದು ಬಂಗಾರ. ಗೊಬ್ಬರ ಒಯ್ಯಿರಿ, ಸುಗ್ಗಿಗೆ ಕಣಕಿ ಕೊಡಿ ಎಂಬ ಕರಾರು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಅದು ದಾನದಂತಲ್ಲ, ಪ್ರತಿ ವರ್ಷ ತಿರುಗಿ ಬರುತ್ತದೆ.

ತಿಂಗಳ ದತ್ತು

ಒಂದು ದನದ ಖರ್ಚನ್ನು ದಾನಿಗಳು ತಿಂಗಳಾ ಹೊತ್ತುಕೊಳ್ಳುವ ದಾರಿ ಇದು, ಸಾಕುವ ಖರ್ಚಿಗೆ ಹೇಳಿ ಮಾಡಿಸಿದ್ದು. ಕರ್ನಾಟಕ ಸರ್ಕಾರ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ತಂದಾಗ ಒಂದು ರಾಸಿಗೆ ವರ್ಷಕ್ಕೆ 11,000 ರೂಪಾಯಿ ಎಂದು ನಿಗದಿ ಮಾಡಿತ್ತು. ಅದನ್ನೇ ನೋಡಿ ಬಹಳ ಗೋಶಾಲೆಗಳು 11,000ವನ್ನೇ ಕೇಳುತ್ತವೆ. 365ರಿಂದ ಭಾಗಿಸಿ ನೋಡಿ: ದಿನಕ್ಕೆ 30 ರೂಪಾಯಿ. ಮೇಲಿನ ನಮ್ಮ ಲೆಕ್ಕದಲ್ಲಿ ಅದು 73 ದಿನದ ಖರ್ಚು. ಪೂರ್ತಿ ದತ್ತು ಎಂದು ಕರೆದು ಎರಡೂವರೆ ತಿಂಗಳ ದುಡ್ಡು ಪಡೆದರೆ ಉಳಿದದ್ದಕ್ಕೆ ಅದೇ ಆಕಳನ್ನು ಇನ್ನೂ ನಾಲ್ವರಿಗೆ ದತ್ತು ಕೊಡಬೇಕಾಗುತ್ತದೆ. ಒಂದು ದಿನ ಇಬ್ಬರು ದಾನಿಗಳು ಒಂದೇ ಆಕಳ ಮುಂದೆ ಭೇಟಿಯಾಗುತ್ತಾರೆ. ಮೊದಲೇ ನೇರವಾಗಿ ಹೇಳಿ: ಒಂದು ದನಕ್ಕೆ ಹತ್ತು ಮನೆ, ಮನೆಗೆ ತಿಂಗಳಿಗೆ 450. ನಡುವೆ ಬಿಡುವವರು ಇದ್ದೇ ಇರುತ್ತಾರೆ, ಹದಿಮೂರು ಮನೆ ಹಿಡಿದಿಡಿ.

ವಸೂಲಿಗೆ ಯುಪಿಐ ಆಟೊಪೇ ಅಥವಾ ಬ್ಯಾಂಕ್ ಮ್ಯಾಂಡೇಟ್ ಇಟ್ಟರೆ ತಿಂಗಳಾ ನೆನಪಿಸುವ ಮುಜುಗರ ಇಲ್ಲ. ತಾರೀಕು 5ರಿಂದ 7ರ ನಡುವೆ ಇರಲಿ. 25ಕ್ಕೆ ಇಟ್ಟರೆ ಖಾತೆ ಬರಿದಾಗಿ ಮ್ಯಾಂಡೇಟ್ ತಿರುಗಿ ಬರುತ್ತದೆ, ಬ್ಯಾಂಕು ದಾನಿಗೇ ದಂಡ ಹಾಕಬಹುದು, ಆಮೇಲೆ ಅವರು ಉಳಿಯುವುದಿಲ್ಲ. ಪ್ರತಿ ತಿಂಗಳು ದನದ ಕಿವಿಯ 12 ಅಂಕಿಯ ಓಲೆ ಕಾಣುವಂತೆ ಒಂದು ಫೋಟೋ, ಎರಡು ಸಾಲು ಸುದ್ದಿ. ಮುದಿ ದನ ಸತ್ತರೆ ಮೂರು ದಿನದೊಳಗೆ ತಿಳಿಸಿ. ಬಣ್ಣ ಹೊಂದುವ ಇನ್ನೊಂದು ದನದ ಫೋಟೋ ಕಳಿಸಿ ತಳ್ಳಿದರೆ ಕೊಂಬಿನ ತಿರುವಿನಲ್ಲೇ ದಾನಿ ಗುರುತು ಹಿಡಿಯುತ್ತಾರೆ.

ಪೊಲೀಸರು ಹಿಡಿದು ಒಪ್ಪಿಸಿದ ದನವನ್ನು ಮಾತ್ರ ದತ್ತು ಪಟ್ಟಿಗೆ ಹಾಕಬೇಡಿ. ಪ್ರಕರಣ ಮುಗಿಯುವವರೆಗೆ ಅದು ಮುದ್ದೆಮಾಲು, ಅಂದರೆ ಪ್ರಕರಣದ ಜಪ್ತಿ ಸ್ವತ್ತು. ಕೋರ್ಟು ಮಾಲೀಕನಿಗೆ ಮರಳಿಸು ಎಂದರೆ ಮರಳಿಸಲೇಬೇಕು. ಈ ದನಗಳ ಖರ್ಚಿಗೆ ಬಹಳ ಜನ ಮರೆಯುವ ಇನ್ನೊಂದು ದಾರಿ ಇದೆ: ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ 35ನೇ ಕಲಂ ಮತ್ತು 2017ರ ನಿಯಮಗಳ ಪ್ರಕಾರ ಸಾಗಣೆ, ಚಿಕಿತ್ಸೆ, ಪೋಷಣೆಯ ವೆಚ್ಚವನ್ನು ಎದುರು ಪಕ್ಷದಿಂದ ವಸೂಲು ಮಾಡಲು ಅವಕಾಶ ಇದೆ. ವಕೀಲರ ಮೂಲಕ ಕೇಳಬೇಕು, ಕೇಳಲು ದಿನವಹಿ ಬೇಕು: ಯಾವ ದನಕ್ಕೆ ಯಾವ ದಿನ ಎಷ್ಟು ಮೇವು, ಯಾವ ಔಷಧ, ಯಾವ ಬಿಲ್ಲು. ಅಂದಾಜಿನ ಮೇಲೆ ಬರೆದ ಒಂದು ಪುಟದ ಲೆಕ್ಕಕ್ಕೆ ಅಲ್ಲಿ ಬೆಲೆ ಇಲ್ಲ. ಈ ದುಡ್ಡು ವರ್ಷಗಟ್ಟಲೆ ತಡವಾಗಬಹುದು, ಅದನ್ನು ನಂಬಿ ಮೇವು ಉದ್ರಿ ತರಬೇಡಿ.

ಆನ್‌ಲೈನ್

ಯುಪಿಐಗೆ ಶುಲ್ಕವಿಲ್ಲ, ದುಡ್ಡು ಆ ಕ್ಷಣಕ್ಕೇ ಖಾತೆಯಲ್ಲಿ. ಆದರೆ ಖಾತೆ ಗೋಶಾಲೆಯದಾಗಿರಲಿ. ಉತ್ಸಾಹದ ಹುಡುಗನೊಬ್ಬನ ಸ್ವಂತ ನಂಬರಿಗೆ ಹಾಕಿಸಿದರೆ ತೆರಿಗೆ ಲೆಕ್ಕದಲ್ಲಿ ಅವನಿಗೆ ತಲೆನೋವು, ಕಳಿಸಿದವರಲ್ಲಿ ಒಬ್ಬರ ದುಡ್ಡು ಸೈಬರ್ ವಂಚನೆಯದಾಗಿದ್ದರೆ ಅವನ ಖಾತೆಯೇ ಸ್ಥಗಿತ.

ಕ್ರೌಡ್ ಫಂಡಿಂಗ್ ತಾಣಗಳು ಬೆಂಗಳೂರು, ಪುಣೆ, ಮುಂಬೈಯಲ್ಲಿರುವ ನಮ್ಮ ಕಡೆಯವರನ್ನು ಮುಟ್ಟಲು ಒಳ್ಳೆಯವು. ಕಾರ್ಡು, ನೆಟ್ ಬ್ಯಾಂಕಿಂಗಿಗೆ ಗೇಟ್‌ವೇ ಶುಲ್ಕ ಶೇಕಡಾ 2, ಅದರ ಮೇಲೆ ಜಿಎಸ್‌ಟಿ 18 ಎಂದು ಹಿಡಿದರೂ ಲಕ್ಷಕ್ಕೆ 2,360 ಹೋಗುತ್ತದೆ. ತಾಣದ ಶುಲ್ಕ ಬೇರೆ, ದಾನಿಯಿಂದ ಟಿಪ್ಪು ಕೇಳುವ ಪದ್ಧತಿಯೂ ಇದೆ. ದುಡ್ಡು ಬಿಡಿಸಿಕೊಳ್ಳಲು ಪ್ಯಾನ್, ನೋಂದಣಿ ಪತ್ರ, ಪಶು ವೈದ್ಯರ ಅಂದಾಜು ಪತ್ರ ಸಿದ್ಧವಿರಬೇಕು. ಇದು ಕಾಲು ಮುರಿದ ಒಂದು ಎತ್ತಿನ ಶಸ್ತ್ರಚಿಕಿತ್ಸೆಗೆ, ಒಂದು ಶೆಡ್ಡಿಗೆ ಸರಿ; ದಿನದ ಕಣಕಿಗೆ ಎರಡನೇ ಸಲ ನಡೆಯುವುದಿಲ್ಲ.

ವಾಟ್ಸಾಪ್ ಪೋಸ್ಟರಿನ ಮೇಲೆ ಮುಗಿಯುವ ತಾರೀಕು ದಪ್ಪಕ್ಷರದಲ್ಲಿ ಬರೆಯಿರಿ. ತಾರೀಕು ಇಲ್ಲದ ಪೋಸ್ಟರು ಎರಡು ವರ್ಷ ಸುತ್ತುತ್ತದೆ, ಎಂದೋ ಗುಣವಾದ ಎತ್ತಿಗೆ ಇಂದೂ ದುಡ್ಡು ಬರುತ್ತದೆ, ಮೋಸ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ವಿದೇಶದಲ್ಲಿರುವವರು ಕಳಿಸುತ್ತೇವೆ ಅಂದರೆ ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದವರ ದೇಣಿಗೆಗೆ ತೊಂದರೆ ಇಲ್ಲ. ಬೇರೆ ದೇಶದ ಪೌರರಾಗಿದ್ದರೆ, ಒಸಿಐ ಕಾರ್ಡಿದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟುವಂತಿಲ್ಲ.

ಕಂಪನಿ ಹಣ

ಪ್ರಾಣಿ ಕಲ್ಯಾಣ ಕಂಪನಿ ಕಾಯ್ದೆಯ ಸಿಎಸ್‌ಆರ್ (ಸಾಮಾಜಿಕ ಹೊಣೆಯ ಖರ್ಚು) ಪಟ್ಟಿಯಲ್ಲಿ ಇದೆ. ಧಾರವಾಡ ಬಳಿಯ ಬೇಲೂರು, ಹುಬ್ಬಳ್ಳಿ ಬಳಿಯ ತಾರಿಹಾಳ ಕೈಗಾರಿಕಾ ಪ್ರದೇಶಗಳಿಗೆ ಅರ್ಜಿ ಹಿಡಿದು ಹೋಗಬಹುದು, ಆದರೆ ಸಿಎಸ್‌ಆರ್-1 ನೋಂದಣಿ, ಲೆಕ್ಕಪರಿಶೋಧನೆಯಾದ ಹಿಂದಿನ ವರ್ಷಗಳ ಲೆಕ್ಕ ಇಲ್ಲದೆ ಮಾತು ಮುಂದೆ ಹೋಗುವುದಿಲ್ಲ, ಎಲ್ಲ ಸರಿಯಿದ್ದರೂ ತಿಂಗಳುಗಳೇ ಬೇಕು. ಕೊಡುವುದು ಶೆಡ್ಡು, ಕೊಳವೆಬಾವಿ, ಮೇವು ಕತ್ತರಿಸುವ ಯಂತ್ರದಂಥ ಕಣ್ಣಿಗೆ ಕಾಣುವ ವಸ್ತುವಿಗೆ. ಅರ್ಜಿಯಲ್ಲಿ ಅಳತೆ ಇರಲಿ: ದೊಡ್ಡ ದನಕ್ಕೆ ಸೂರಿನಡಿ 3.5 ಚದರ ಮೀಟರ್, ಬಯಲಿನಲ್ಲಿ 7.

ನಿಮಗೆ ಯಾವುದು?

ಕೈಯಲ್ಲಿ ಎಂಟು ಹುಡುಗರು, ಮೂರು ದಿನ, ನೋಂದಣಿ ಇಲ್ಲ: ಓಣಿ ಪಟ್ಟಿ, ಹತ್ತು ಅಂಗಡಿ, ಅಷ್ಟೇ. ದುಡ್ಡನ್ನು ನೋಂದಣಿ ಇರುವ ಹತ್ತಿರದ ಗೋಶಾಲೆಯ ಖಾತೆಗೆ ಕಟ್ಟಿ, ದನವನ್ನೂ ಅಲ್ಲಿಗೇ ಒಪ್ಪಿಸಿ. ಸ್ವಂತ ಗೋಶಾಲೆ ತೆರೆಯುವ ಯೋಚನೆ ಆ ವಾರ ಬೇಡ. ಹತ್ತಿಪ್ಪತ್ತು ದನ ಆಗಲೇ ಇದ್ದು, ತಿಂಗಳ ಕೊನೆಗೆ ಹಿಂಡಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತಿದ್ದರೆ ಹೊಸ ದನ ತರುವುದನ್ನು ನಿಲ್ಲಿಸಿ, ಫೆಬ್ರುವರಿಗೆ ಮೇವು ಪಟ್ಟಿ, ಉಳಿದ ತಿಂಗಳು ಹತ್ತು ಮನೆಯ ದತ್ತು. ಹಳ್ಳಿಯಲ್ಲಿದ್ದು ಫೋನಿನ ದಾನಿಗಳು ಕಡಿಮೆಯಾದರೆ ಗೊಬ್ಬರ-ಕಣಕಿ ಕರಾರು ಮೊದಲು, ಹುಂಡಿ ಆಮೇಲೆ. ನಗರದಲ್ಲಿದ್ದು ಬಣವಿಗೆ ಜಾಗವಿಲ್ಲದವರಿಗೆ ಮೇವಿನ ದಾನ ಹೊರೆ. ರೈತರ ಹೊಲದಲ್ಲೇ ಬಣವಿ ಇರಿಸಿ, ತಿಂಗಳಿಗೊಂದು ಹೇರು ತರಿಸಿಕೊಳ್ಳಿ, ಬಾಡಿಗೆ ಮಾತ್ರ ದತ್ತು ಹಣದಿಂದ. ಮೂರು ವರ್ಷದ ಲೆಕ್ಕ ಸರಿಯಾಗಿ ಇಟ್ಟವರು ಮಾತ್ರ ಕಂಪನಿ ಬಾಗಿಲಿಗೆ ಹೋಗಲಿ.

ಯಾವುದನ್ನೇ ಹಿಡಿದರೂ ಗೇಟಿಗೆ ಒಂದು ಕರಿ ಹಲಗೆ ತೂಗುಹಾಕಿ. ದಿನಾ ಬೆಳಿಗ್ಗೆ ಸುಣ್ಣದಕಡ್ಡಿಯಲ್ಲಿ ಮೂರು ಅಂಕಿ: ಇಂದು ಎಷ್ಟು ದನ, ಬಣವಿಯಲ್ಲಿ ಎಷ್ಟು ದಿನದ ಕಣಕಿ, ಖಾತೆಯಲ್ಲಿ ಎಷ್ಟು ರೂಪಾಯಿ. ಎರಡನೇ ಅಂಕಿ 45ಕ್ಕಿಂತ ಕೆಳಗಿಳಿದ ದಿನ ಠಾಣೆಯಿಂದ ಫೋನು ಬಂದರೆ, ಜಾಗವಿರುವ ಬೇರೆ ಗೋಶಾಲೆಯ ನಂಬರು ಕೊಡಿ.